ಯಾರ ಗಳಿಕೆ? ಯಾರ ಮೇಲೆ ತೆರಿಗೆ?

ಮನೆ, ನಿವೇಶನ, ಮಳಿಗೆ, ಷೇರು ಇವುಗಳಲ್ಲಿ ಯಾವುದನ್ನೇ ಮಾರಿ, ಕೊಂಡ ಬೆಲೆಗಿಂತ ಹೆಚ್ಚು ಹಣ ಪಡೆದವರು ಆ ಹೆಚ್ಚಳದ ಮೇಲೆ ಸರ್ಕಾರಕ್ಕೆ ತೆರಿಗೆ ಸಲ್ಲಿಸಬೇಕು. ಇದಕ್ಕೆ ಬಂಡವಾಳ ಗಳಿಕೆ ತೆರಿಗೆ ಎಂದು ಹೆಸರು. ಆಡಿಟರುಗಳು ಇದನ್ನೇ ಕ್ಯಾಪಿಟಲ್ ಗೇನ್ಸ್ ಎನ್ನುತ್ತಾರೆ. ಬಂಡವಾಳ ಎಂಬ ಮಾತು ಕಿವಿಗೆ ಬಿದ್ದೊಡನೆ ಗಿರಣಿಯ ಕಾರ್ಮಿಕನೂ ಕಿರಾಣಿ ಅಂಗಡಿಯವನೂ ಇದು ತಮ್ಮ ಗೊಡವೆಯಲ್ಲವೆಂದು ಸುಮ್ಮನಾಗುವುದು ಸಹಜ. ಆದರೆ ಈ ತೆರಿಗೆಯ ಕಾಗದ ಹಿಡಿದುಕೊಂಡು ನಮ್ಮ ಪಕ್ಷದ ಕಚೇರಿಯ ಮೆಟ್ಟಿಲು ಹತ್ತುತ್ತಿರುವವರು ಬಂಡವಾಳಗಾರರಲ್ಲ. ನಿವೃತ್ತರಾದ ಗಿರಣಿ ಕಾರ್ಮಿಕರು, ಗಂಡ ತೀರಿಕೊಂಡ ಮೇಲೆ ಮನೆ ಮಾರಬೇಕಾಗಿ ಬಂದ ತಾಯಂದಿರು, ಸಾಲ ತೀರಿಸಲು ಮಳಿಗೆ ಕಳೆದುಕೊಂಡ ವ್ಯಾಪಾರಿಗಳು, ಇಂಥವರೇ ಹೆಚ್ಚು. ಆದುದರಿಂದ ಈ ವಾರ ಈ ವಿಷಯವನ್ನು ಲೆಕ್ಕಸಮೇತ ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲೇ ಒಂದು ಮಾತು. ನಾವು ಈ ತೆರಿಗೆಯ ವಿರೋಧಿಗಳಲ್ಲ. ದುಡಿಯದೆ ಬಂದ ಹಣದ ಮೇಲೆ ದುಡಿದು ಬಂದ ಹಣಕ್ಕಿಂತ ಹೆಚ್ಚು ತೆರಿಗೆ ಬೀಳಬೇಕೆಂಬುದು ಸಮಾಜವಾದಿಗಳ ಹಳೆಯ ಬೇಡಿಕೆ. ಊರ ಹೊರಗಿನ ಭೂಮಿಯನ್ನು ಹತ್ತು ವರ್ಷ ಪಾಳು ಕೆಡವಿ, ಸರ್ಕಾರದ ಹಣದಲ್ಲಿ ರಸ್ತೆ ಬಂದ ಮೇಲೆ ಹತ್ತರಷ್ಟು ಬೆಲೆಗೆ ಮಾರುವವನು ಆ ಲಾಭವನ್ನು ಬೆವರು ಸುರಿಸಿ ಗಳಿಸಲಿಲ್ಲ. ಅದರಲ್ಲಿ ಸಮಾಜಕ್ಕೆ ಪಾಲು ಸಲ್ಲಲೇಬೇಕು. ನಮ್ಮ ತಕರಾರು ತೆರಿಗೆಯ ಮೇಲಲ್ಲ, ಅದು ಯಾರ ಮೇಲೆ ಬೀಳುತ್ತಿದೆ, ಯಾರನ್ನು ಬಿಟ್ಟು ಹೋಗುತ್ತಿದೆ ಎಂಬುದರ ಮೇಲೆ.

ಇದರ ಚರಿತ್ರೆಯೇ ಪಾಠ ಹೇಳುತ್ತದೆ. 1947ರ ಬಜೆಟ್ಟಿನಲ್ಲಿ ಅಂದಿನ ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯ ಲಿಯಾಕತ್ ಅಲಿ ಖಾನ್ ಅವರು ಈ ತೆರಿಗೆಯನ್ನು ಮೊದಲು ತಂದರು. 1949ರಲ್ಲಿ ಜಾನ್ ಮಥಾಯಿ ಅವರು ಅದನ್ನು ತೆಗೆದುಹಾಕಿದರು. 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡಾರ್ ಅವರು ಭಾರತದ ತೆರಿಗೆ ಪದ್ಧತಿಯನ್ನು ಪರಿಶೀಲಿಸಿ ವರದಿ ಕೊಟ್ಟರು. ಬಂಡವಾಳ ಗಳಿಕೆ, ಸಂಪತ್ತು, ವೆಚ್ಚ, ದಾನ ಈ ನಾಲ್ಕರ ಮೇಲೂ ತೆರಿಗೆ ಹಾಕಿದರೆ ಮಾತ್ರ ಹಣವಂತರು ನುಣುಚಿಕೊಳ್ಳಲಾರರು ಎಂಬುದು ಅವರ ಸಲಹೆಯ ಸಾರ. ಅದೇ ವರ್ಷ ಟಿ.ಟಿ. ಕೃಷ್ಣಮಾಚಾರಿ ಅವರು ಬಂಡವಾಳ ಗಳಿಕೆ ತೆರಿಗೆಯನ್ನು ಮತ್ತೆ ತಂದರು. ಉಳಿದ ಮೂರೂ ಬೆನ್ನ ಹಿಂದೆಯೇ ಬಂದುವು.

ಆ ನಾಲ್ಕರಲ್ಲಿ ಇಂದು ಉಳಿದಿರುವುದೆಷ್ಟು? ವೆಚ್ಚ ತೆರಿಗೆ 1966ರಲ್ಲಿ ಕೊನೆಯಾಯಿತು. ದಾನ ತೆರಿಗೆ 1998ರಲ್ಲಿ ಹೋಯಿತು. ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ರದ್ದುಮಾಡಿದರು. 1953ರಲ್ಲಿ ಬಂದಿದ್ದ ಎಸ್ಟೇಟ್ ಸುಂಕ, ಎಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲೇ ಮಾಯವಾಯಿತು. ಹಣವಂತರನ್ನು ಮಾತ್ರ ಮುಟ್ಟುತ್ತಿದ್ದ ತೆರಿಗೆಗಳೆಲ್ಲ ಒಂದೊಂದಾಗಿ ಹೋಗಿ, ಒಂದೇ ಮನೆಯುಳ್ಳ ಬಡವನನ್ನೂ ಮುಟ್ಟುವ ತೆರಿಗೆಯೊಂದು ಉಳಿಯಿತು. ಅದೂ ಎಲ್ಲರಿಗೂ ಒಂದೇ ರೀತಿ ಉಳಿಯಲಿಲ್ಲ. 2004ರ ಅಕ್ಟೋಬರಿನಿಂದ 2018ರ ಮಾರ್ಚಿಯವರೆಗೆ, ಷೇರುಪೇಟೆಯಲ್ಲಿ ವಹಿವಾಟು ತೆರಿಗೆ ಕೊಟ್ಟು ಷೇರು ಮಾರಿದವರ ದೀರ್ಘಾವಧಿ ಲಾಭಕ್ಕೆ ಬಿಡಿಗಾಸಿನ ಬಂಡವಾಳ ಗಳಿಕೆ ತೆರಿಗೆಯೂ ಇರಲಿಲ್ಲ. ಕೋಟಿ ಗಳಿಸಿದರೂ ಸೊನ್ನೆ. ಅದೇ ಹದಿಮೂರೂವರೆ ವರ್ಷ ಮನೆ ಮಾರಿದವನು ನೂರಕ್ಕೆ 20ರಂತೆ ತೆರಿಗೆ ಲೆಕ್ಕ ಒಪ್ಪಿಸುತ್ತಲೇ ಇದ್ದ.

ಈಗ ಲೆಕ್ಕಕ್ಕೆ ಬರೋಣ. ಮನೆ, ನಿವೇಶನ, ಕಟ್ಟಡಗಳನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಅದು ದೀರ್ಘಾವಧಿ ಗಳಿಕೆ. ಅದಕ್ಕೆ ಮುಂಚೆ ಮಾರಿದರೆ ಅಲ್ಪಾವಧಿ ಗಳಿಕೆ, ಅದನ್ನು ಉಳಿದ ಆದಾಯದೊಡನೆ ಕೂಡಿಸಿ ಸಾಮಾನ್ಯ ದರದಲ್ಲಿ ತೆರಿಗೆ ಹಾಕುತ್ತಾರೆ. ಮಾರಿದ ಬೆಲೆಯಿಂದ ದಲ್ಲಾಳಿಯ ಕಮಿಷನ್ ಮೊದಲಾದ ಮಾರಾಟದ ಖರ್ಚು ಕಳೆಯಬೇಕು. ಕೊಂಡ ಬೆಲೆ, ಆಗ ಕೊಟ್ಟ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಅನಂತರ ಕೋಣೆ ಕಟ್ಟಿಸಿದ್ದು, ಮಹಡಿ ಎಬ್ಬಿಸಿದ್ದು ಇವೆಲ್ಲವನ್ನೂ ಕಳೆಯಬೇಕು. ಉಳಿದದ್ದೇ ಗಳಿಕೆ.

ಆದರೆ ರೂಪಾಯಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹದಿನೈದು ವರ್ಷದ ಹಿಂದಿನ 10 ಲಕ್ಷವೂ ಇಂದಿನ 10 ಲಕ್ಷವೂ ಒಂದೇ ಅಲ್ಲವೆಂಬುದನ್ನು ಅಕ್ಕಿ ಬೇಳೆ ಕೊಳ್ಳುವ ಯಾವ ಗೃಹಿಣಿಯೂ ಬಲ್ಲಳು. ಇದಕ್ಕಾಗಿಯೇ ಸರ್ಕಾರ ಪ್ರತಿ ವರ್ಷ ಒಂದು ಬೆಲೆಯೇರಿಕೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. 2001-02ಕ್ಕೆ ಅದು 100, 2010-11ಕ್ಕೆ 167, 2025-26ಕ್ಕೆ 376. ಕೊಂಡ ಬೆಲೆಯನ್ನು ಈ ಸೂಚ್ಯಂಕದಂತೆ ಹಿಗ್ಗಿಸಿ ಆಮೇಲೆ ಗಳಿಕೆ ಎಣಿಸುವುದು ಹಳೆಯ ಪದ್ಧತಿ. ಈ ಸೂಚ್ಯಂಕವೂ ಪೇಟೆಯ ಬೆಲೆಯೇರಿಕೆಯನ್ನು ಪೂರ್ತಿ ಹಿಡಿಯುವುದಿಲ್ಲ, ನೂರಕ್ಕೆ 75ರಷ್ಟನ್ನೇ ಹಿಡಿಯುತ್ತದೆ. ಆದರೂ ಅದರಲ್ಲಿ ಅಷ್ಟಿಷ್ಟು ನ್ಯಾಯವಿತ್ತು.

2024ರ ಜುಲೈ 23ರಂದು ಮಂಡಿಸಿದ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಈ ಪದ್ಧತಿಯನ್ನು ಎತ್ತಿಹಾಕಿತು. ದರವನ್ನು 20ರಿಂದ ಹನ್ನೆರಡೂವರೆಗೆ ಇಳಿಸಿ, ಸೂಚ್ಯಂಕದ ಲಾಭವನ್ನು ಕಿತ್ತುಕೊಂಡಿತು. ದರ ಇಳಿಯಿತಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಕೆಲವರು ಹೊಗಳಿದರು. ಹೊಗಳುವ ಮುನ್ನ ಎರಡು ಲೆಕ್ಕ ಮಾಡಿ ನೋಡಬೇಕಿತ್ತು.

ಒಬ್ಬ ಕಾರ್ಮಿಕ 2010-11ರಲ್ಲಿ 10 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ 24 ಲಕ್ಷಕ್ಕೆ ಮಾರಿದನೆನ್ನೋಣ. ಹಳೆಯ ಪದ್ಧತಿಯಲ್ಲಿ 10 ಲಕ್ಷವನ್ನು 376ರಿಂದ ಗುಣಿಸಿ 167ರಿಂದ ಭಾಗಿಸಿದರೆ 22,51,497 ರೂಪಾಯಿ. ಗಳಿಕೆ 1,48,503. ನೂರಕ್ಕೆ 20ರಂತೆ ತೆರಿಗೆ 29,701 ರೂಪಾಯಿ. ಹೊಸ ಪದ್ಧತಿಯಲ್ಲಿ ಗಳಿಕೆ 14 ಲಕ್ಷ, ಹನ್ನೆರಡೂವರೆಯಂತೆ ತೆರಿಗೆ 1,75,000 ರೂಪಾಯಿ. ಎರಡಕ್ಕೂ ನೂರಕ್ಕೆ 4ರ ಸೆಸ್ಸು ಬೇರೆ.

ಇನ್ನೊಬ್ಬ ಭೂವ್ಯಾಪಾರಿ ಅದೇ ವರ್ಷ ಅದೇ 10 ಲಕ್ಷಕ್ಕೆ ಹೊರವರ್ತುಲ ರಸ್ತೆ ಬರುವ ಕಡೆ ನಿವೇಶನ ಕೊಂಡು, 2025-26ರಲ್ಲಿ 1 ಕೋಟಿಗೆ ಮಾರಿದನೆನ್ನೋಣ. ಹಳೆಯ ಪದ್ಧತಿಯಲ್ಲಿ ಅವನ ಗಳಿಕೆ 77,48,503, ತೆರಿಗೆ 15,49,701. ಹೊಸ ಪದ್ಧತಿಯಲ್ಲಿ ಗಳಿಕೆ 90 ಲಕ್ಷ, ತೆರಿಗೆ 11,25,000. ಒಬ್ಬನಿಗೆ ಸುಮಾರು 1 ಲಕ್ಷ 45 ಸಾವಿರದ ಹೊರೆ, ಇನ್ನೊಬ್ಬನಿಗೆ ಸುಮಾರು 4 ಲಕ್ಷ 25 ಸಾವಿರದ ಉಳಿತಾಯ. ವಾಸಕ್ಕೆಂದು ಕೊಂಡವನಿಂದ ಕಿತ್ತು, ಬೆಲೆ ಏರಲೆಂದು ಕಾದು ಕುಳಿತವನಿಗೆ ಕೊಡುವ ಈ ಪದ್ಧತಿಯನ್ನು ಸುಧಾರಣೆ ಎಂದು ಕರೆಯಲು ನಮಗೆ ನಾಲಿಗೆ ಬಾರದು.

ದೇಶದಾದ್ಯಂತ ಕೂಗೆದ್ದ ಮೇಲೆ, 2024ರ ಆಗಸ್ಟಿನಲ್ಲಿ ಸರ್ಕಾರ ಒಂದು ಹೆಜ್ಜೆ ಹಿಂದಿಟ್ಟಿತು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಭೂಮಿ ಮತ್ತು ಕಟ್ಟಡಗಳಿಗೆ ಎರಡೂ ಲೆಕ್ಕ ಮಾಡಿ ಯಾವುದು ಕಡಿಮೆಯೋ ಅಷ್ಟು ಕೊಟ್ಟರೆ ಸಾಕೆಂದು ತಿದ್ದುಪಡಿ ತಂದಿತು. ಕೂಗಿದರೆ ಕೇಳಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದುದರಿಂದ ಮೇಲಿನ ಕಾರ್ಮಿಕನು 29,701 ರೂಪಾಯಿಯ ಲೆಕ್ಕವನ್ನೇ ಕೇಳಿ ಪಡೆಯಬೇಕು. ಆಡಿಟರಾಗಲಿ ಗುಮಾಸ್ತನಾಗಲಿ ಹನ್ನೆರಡೂವರೆಯ ಲೆಕ್ಕ ಒಂದನ್ನೇ ಮಾಡಿಕೊಟ್ಟರೆ ಒಪ್ಪಿಕೊಳ್ಳಬಾರದು.

ಈ ತಿದ್ದುಪಡಿಯಲ್ಲೂ ಎರಡು ತೂತುಗಳಿವೆ. ಈ ಆಯ್ಕೆ ಇರುವುದು ದೇಶದಲ್ಲೇ ವಾಸಿಸುವ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. ಅಣ್ಣತಮ್ಮಂದಿರು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಮಳಿಗೆ ಕೊಂಡಿದ್ದರೆ ಅವರಿಗೆ ಅದು ಸಿಕ್ಕದು. ಎರಡನೆಯದಾಗಿ, 2024ರ ಜುಲೈ 23ರಿಂದ ಈಚೆಗೆ ಕೊಂಡವರಿಗೆ ಸೂಚ್ಯಂಕವೇ ಇಲ್ಲ. ಇಂದಿನ ತರುಣ ಕಾರ್ಮಿಕ ಸಾಲ ಮಾಡಿ 20 ಲಕ್ಷಕ್ಕೆ ಮನೆ ಕೊಳ್ಳುತ್ತಾನೆ. ಎಲ್ಲ ವಸ್ತುಗಳ ಬೆಲೆಯೂ ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ, ಸುಮಾರು 14 ವರ್ಷದಲ್ಲಿ ಅಕ್ಕಿಯೂ ಇಮ್ಮಡಿ, ಬಟ್ಟೆಯೂ ಇಮ್ಮಡಿ, ಮನೆಯೂ 40 ಲಕ್ಷ. ಅದನ್ನು ಮಾರಿ ಅವನು ಅಂಥದೇ ಇನ್ನೊಂದು ಮನೆಯನ್ನಷ್ಟೇ ಕೊಳ್ಳಬಲ್ಲ. ಅವನ ಕೈಗೆ ಒಂದು ಕಾಸೂ ಹೆಚ್ಚು ಬಂದಿಲ್ಲ. ಆದರೂ ಕಾಯ್ದೆಯ ಕಣ್ಣಿಗೆ ಅವನು 20 ಲಕ್ಷ ಗಳಿಸಿದವನು, ಎರಡೂವರೆ ಲಕ್ಷದ ತೆರಿಗೆಗೆ ಗುರಿಯಾದವನು. ರೂಪಾಯಿ ಸವೆದುದಕ್ಕೆ ದಂಡ ತೆರುವವನು ರೂಪಾಯಿ ಸವೆಸಿದವನಲ್ಲ ಎಂಬುದೇ ಇಲ್ಲಿನ ಅನ್ಯಾಯ.

ವಿನಾಯಿತಿಗಳಿಲ್ಲವೇ ಎಂದು ಕೇಳಬಹುದು. ಇವೆ. ಮನೆ ಮಾರಿ ಬಂದ ಗಳಿಕೆಯಿಂದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಅಷ್ಟರಮಟ್ಟಿಗೆ ತೆರಿಗೆ ಇಲ್ಲ. ಮಾರುವುದಕ್ಕೆ ಒಂದು ವರ್ಷ ಮುಂಚೆ ಕೊಂಡಿದ್ದರೂ ಸಲ್ಲುತ್ತದೆ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಮನೆ ಸಿಕ್ಕದಿದ್ದರೆ ಹಣವನ್ನು ಬ್ಯಾಂಕಿನಲ್ಲಿ ಬಂಡವಾಳ ಗಳಿಕೆ ಖಾತೆ ಎಂಬ ಪ್ರತ್ಯೇಕ ಖಾತೆ ತೆರೆದು ಇಡಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲಿಟ್ಟರೆ ವಿನಾಯಿತಿ ಕೈತಪ್ಪುತ್ತದೆ. ಇನ್ನೊಂದು ದಾರಿಯೆಂದರೆ, ಭೂಮಿ ಅಥವಾ ಕಟ್ಟಡದ ದೀರ್ಘಾವಧಿ ಗಳಿಕೆಯನ್ನು ಆರು ತಿಂಗಳೊಳಗೆ ಸರ್ಕಾರ ಗೊತ್ತುಮಾಡಿದ ಸಂಸ್ಥೆಗಳ ಬಾಂಡುಗಳಲ್ಲಿ, 50 ಲಕ್ಷದ ಮಿತಿಯೊಳಗೆ, ಐದು ವರ್ಷ ತೊಡಗಿಸುವುದು.

ಇವು ಬೇಕಾದ ವಿನಾಯಿತಿಗಳೇ. ಆದರೆ ಇವುಗಳನ್ನು ಯಾರು ಬಳಸಬಲ್ಲರು? ಮಾರಿದ ಹಣವನ್ನು ಮತ್ತೆ ಮನೆಗೋ ಬಾಂಡಿಗೋ ಹಾಕಬಲ್ಲವರು. ಹೆಂಡತಿಯ ಶಸ್ತ್ರಚಿಕಿತ್ಸೆಗೆಂದು ಮನೆ ಮಾರಿದವನ ಹಣ ಆಸ್ಪತ್ರೆಗೆ ಹೋಗುತ್ತದೆ. ಗಿರಣಿ ಮುಚ್ಚಿ ಸಂಬಳವಿಲ್ಲದೆ ಸಾಲ ಬೆಳೆಸಿಕೊಂಡವನ ಹಣ ಬಡ್ಡಿಯವನಿಗೆ ಹೋಗುತ್ತದೆ. ಆ ಖರ್ಚುಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಷೇರು ಮಾರಿ ಬಂಗಲೆ ಕೊಂಡವನಿಗೆ ಉಂಟು. 2023ರವರೆಗೆ ಎಷ್ಟು ಕೋಟಿಯ ಬಂಗಲೆಯಾದರೂ ಸರಿ, ಮಿತಿಯೇ ಇರಲಿಲ್ಲ. ಆ ವರ್ಷ ಹಾಕಿದ ಮಿತಿಯೂ 10 ಕೋಟಿ! ಕಷ್ಟಕ್ಕೆ ಮಾರಿದವನು ತೆರಬೇಕು, ವೈಭವಕ್ಕೆ ಮಾರಿದವನು ತೆರಬೇಕಾಗಿಲ್ಲ. ಇದು ಯಾವ ನ್ಯಾಯ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ವರ್ಷಕ್ಕೆ 12 ಲಕ್ಷದವರೆಗೆ ತೆರಿಗೆಯೇ ಇಲ್ಲವೆಂದು 2025ರ ಬಜೆಟ್ಟಿನ ಮೇಲೆ ಎಲ್ಲೆಡೆ ಡಂಗುರ ಸಾರಿದರು. ಆ ರಿಯಾಯಿತಿ ಸಂಬಳ, ವ್ಯಾಪಾರ ಮುಂತಾದ ಸಾಮಾನ್ಯ ಆದಾಯಕ್ಕೆ. ವಿಶೇಷ ದರದ ದೀರ್ಘಾವಧಿ ಬಂಡವಾಳ ಗಳಿಕೆಗೆ ಅದು ಅನ್ವಯಿಸದು. ಅದನ್ನು ನಂಬಿ ಮನೆ ಮಾರಿದವರಿಗೆ ಅನಂತರ ನೋಟೀಸು ಬರುತ್ತದೆ. ಆದರೆ ಇನ್ನೊಂದು ಸಣ್ಣ ಅನುಕೂಲವಿದೆ. 2025-26ರ ಹೊಸ ಪದ್ಧತಿಯಲ್ಲಿ ಮೂಲ ವಿನಾಯಿತಿ 4 ಲಕ್ಷ. ಉಳಿದ ಆದಾಯ ಅಷ್ಟಕ್ಕೆ ಮುಟ್ಟದಿದ್ದರೆ, ಕೊರತೆಯಾದಷ್ಟನ್ನು ಗಳಿಕೆಯಿಂದ ಕಳೆದು ಮಿಕ್ಕದ್ದಕ್ಕೆ ಮಾತ್ರ ತೆರಿಗೆ. ನಿವೃತ್ತರೂ ವಿಧವೆಯರೂ ಇದನ್ನು ಮರೆಯಬಾರದು.

ಇನ್ನು ನಮ್ಮ ಊರುಗಳಲ್ಲಿ ರೂಢಿಯಾಗಿರುವ ಒಂದು ಕೆಟ್ಟ ಚಾಳಿಯ ವಿಚಾರ. ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆಸಿ, ಮಿಕ್ಕ ಅರ್ಧವನ್ನು ನಗದಾಗಿ ಕೊಡುವುದು. ಮುದ್ರಾಂಕ ಶುಲ್ಕ ಉಳಿಯಿತೆಂದು ಕೊಂಡವನು ಹಿಗ್ಗುತ್ತಾನೆ. 2012-13ರಲ್ಲಿ ಒಬ್ಬನು 12 ಲಕ್ಷ ಕೊಟ್ಟು, ಪತ್ರದಲ್ಲಿ 6 ಲಕ್ಷ ಬರೆಸಿದನೆನ್ನೋಣ. 2025-26ರಲ್ಲಿ 22 ಲಕ್ಷಕ್ಕೆ ಮಾರುತ್ತಾನೆ. ಕೊಳ್ಳುವವನು ಬ್ಯಾಂಕ್ ಸಾಲದವನು, ಪೂರ್ತಿ ಬೆಲೆ ಪತ್ರದಲ್ಲಿ ಬರಬೇಕೆನ್ನುತ್ತಾನೆ. ನಿಜವಾದ ಬೆಲೆ ಪತ್ರದಲ್ಲಿದ್ದಿದ್ದರೆ, ಆ ವರ್ಷದ ಸೂಚ್ಯಂಕ 200 ಆದುದರಿಂದ, ಅವನ 12 ಲಕ್ಷ 22 ಲಕ್ಷ 56 ಸಾವಿರವಾಗಿ ತೆರಿಗೆ ಸೊನ್ನೆಯಾಗುತ್ತಿತ್ತು. ಪತ್ರದಲ್ಲಿ 6 ಲಕ್ಷವೇ ಇರುವುದರಿಂದ ಎರಡರಲ್ಲಿ ಕಡಿಮೆಯ ಲೆಕ್ಕ ಹಿಡಿದರೂ 2 ಲಕ್ಷ ರೂಪಾಯಿ ತೆರಬೇಕು. ಮಾರಿದವನು ಅಂದೇ ಕಪ್ಪು ಹಣ ಜೇಬಿಗಿಳಿಸಿ ಹೋದ. ಅವನ ತೆರಿಗೆಯನ್ನು ಇಂದು ಇವನು ಹೊರುತ್ತಾನೆ.

ಮಾರುವವನಿಗೂ ಈ ಚಾಳಿ ಕ್ಷೇಮವಲ್ಲ. ಪತ್ರದ ಬೆಲೆ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆಯಿದ್ದು, ಆ ಅಂತರ ನೂರಕ್ಕೆ 10ನ್ನು ಮೀರಿದರೆ, ತೆರಿಗೆಯವರು ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆಯೆಂದು ಹಿಡಿಯುತ್ತಾರೆ. ನಮ್ಮ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆಗಳು ಪರಿಷ್ಕಾರವಾಗಿವೆ. ನಿಜಕ್ಕೂ ಅಷ್ಟು ಬೆಲೆ ಬಾರದ ಓಣಿಯ ಮನೆಯಾದರೆ ತಕರಾರು ಎತ್ತಿ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಿರೆಂದು ಕೇಳುವ ಹಕ್ಕಿದೆ. ಆಸ್ತಿಯ ಮಾರಾಟಕ್ಕೆ 20 ಸಾವಿರ ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಮುಂಗಡವನ್ನೂ ಬ್ಯಾಂಕಿನ ಮೂಲಕವೇ ಪಡೆಯಿರಿ.

ಪಿತ್ರಾರ್ಜಿತವಾಗಿ ಬಂದ ಮನೆಯಾದರೆ, ಬಂದದ್ದಕ್ಕೆ ತೆರಿಗೆಯಿಲ್ಲ, ಮಾರಿದಾಗ ಉಂಟು. ಆಗ ತಂದೆ ಕೊಂಡ ಬೆಲೆಯೇ ಮಕ್ಕಳ ಬೆಲೆ, ತಂದೆ ಇಟ್ಟುಕೊಂಡ ಕಾಲವೂ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕೆ ಮುಂಚಿನ ಆಸ್ತಿಯಾದರೆ ಆ ದಿನದ ಪೇಟೆ ಬೆಲೆಯನ್ನು ಹಿಡಿಯಬಹುದು, ಆದರೆ ಅದು ಆ ದಿನದ ಮುದ್ರಾಂಕ ಮೌಲ್ಯವನ್ನು ಮೀರಕೂಡದು. ಅಣ್ಣತಮ್ಮ ಅಕ್ಕತಂಗಿಯರು ಕೂಡಿ ಮಾರಿದರೆ ಅವರವರ ಪಾಲಿಗೆ ಅವರವರ ಲೆಕ್ಕ. ಹಳ್ಳಿಯ ಸಾಗುವಳಿ ಜಮೀನು ಈ ತೆರಿಗೆಗೆ ಒಳಪಡುವುದಿಲ್ಲ. ಆದರೆ ಪಟ್ಟಣದ ಎಲ್ಲೆಯೊಳಗಿದ್ದರೆ, ಅಥವಾ ಪಟ್ಟಣದ ಜನಸಂಖ್ಯೆಗೆ ತಕ್ಕಂತೆ ಎಲ್ಲೆಯಿಂದ ನೇರ ಅಳತೆಯಲ್ಲಿ 2, 6 ಅಥವಾ 8 ಕಿಲೋಮೀಟರಿನೊಳಗಿದ್ದರೆ ಒಳಪಡುತ್ತದೆ. ವ್ಯಾಪಾರಿಗಳು ಮಳಿಗೆಯ ಕಟ್ಟಡಕ್ಕೆ ವರ್ಷ ವರ್ಷ ಸವಕಳಿ ತೋರಿಸಿದ್ದರೆ ಆ ಲೆಕ್ಕದ ದಾರಿಯೇ ಬೇರೆ. ಎಷ್ಟು ವರ್ಷ ಇಟ್ಟುಕೊಂಡಿದ್ದರೂ ಕಟ್ಟಡದ ಗಳಿಕೆಯನ್ನು ಅಲ್ಪಾವಧಿಯೆಂದೇ ಎಣಿಸುತ್ತಾರೆ. ಕರಾರಿಗೆ ರುಜು ಹಾಕುವ ಮುನ್ನ ಬಲ್ಲವರನ್ನು ಕೇಳಬೇಕು. 1961ರ ಕಾಯ್ದೆಯ ಬದಲಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಯಿತೇ ಹೊರತು ಇಲ್ಲಿ ಹೇಳಿದ ಲೆಕ್ಕದ ತತ್ತ್ವ ಬದಲಾಗಲಿಲ್ಲ.

ಕೊನೆಯದಾಗಿ ನಮ್ಮ ಬೇಡಿಕೆಗಳು. ವಾಸದ ಒಂದು ಮನೆಗೆ, ಹೊಟ್ಟೆಪಾಡಿನ ಒಂದು ಮಳಿಗೆಗೆ, ಕೊಂಡ ದಿನ ಯಾವುದೇ ಇರಲಿ, ಸೂಚ್ಯಂಕದ ಲಾಭವನ್ನು ಮರಳಿ ಕೊಡಬೇಕು. ಕಾಯಿಲೆಗೆ, ಕೆಲಸ ಹೋದಾಗಿನ ಸಾಲಕ್ಕೆ ಮಾರಿದ ಮನೆಯ ಗಳಿಕೆಗೆ ಒಂದು ಮಿತಿಯೊಳಗೆ ಪೂರ್ಣ ವಿನಾಯಿತಿ ಬೇಕು. ಬಂಗಲೆ ಕೊಳ್ಳುವವರ 10 ಕೋಟಿಯ ಮಿತಿಯನ್ನು ಕೆಳಗಿಳಿಸಬೇಕು. 2025-26ರ ದರದಂತೆ 24 ಲಕ್ಷ ದಾಟಿದ ಸಂಬಳಕ್ಕೆ ನೂರಕ್ಕೆ 30 ತೆರಿಗೆ ಇರುವಾಗ, ಕೋಟ್ಯಂತರದ ಷೇರು ಲಾಭಕ್ಕೆ ಹನ್ನೆರಡೂವರೆ ಸಾಕೆಂಬುದನ್ನು ಕೈಬಿಟ್ಟು, ದೊಡ್ಡ ಗಳಿಕೆಗಳಿಗೆ ದುಡಿಮೆಯ ಆದಾಯದ ದರವನ್ನೇ ಹಾಕಬೇಕು. ಇದರಿಂದ ಬರುವ ಹಣ ಮೇಲಿನ ರಿಯಾಯಿತಿಗಳಿಗೆ ಆಸರೆಯಾಗುತ್ತದೆ. ಈ ಲೆಕ್ಕವನ್ನು ಕನ್ನಡದಲ್ಲಿ ತಿಳಿಸಿಕೊಡುವ ವ್ಯವಸ್ಥೆ ಪ್ರತಿ ಜಿಲ್ಲೆಯಲ್ಲೂ ಆಗಬೇಕು.

ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಬಗ್ಗೆ ಠರಾವು ಮಾಡಿ, ಮುಂದಿನ ಬಜೆಟ್ಟಿಗೆ ಮುಂಚೆ ಸಂಸತ್ ಸದಸ್ಯರಿಗೂ ಹಣಕಾಸು ಸಚಿವಾಲಯಕ್ಕೂ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇವೆ. 2024ರ ಆಗಸ್ಟಿನಲ್ಲಿ ಸರ್ಕಾರ ಬಗ್ಗಿದ್ದು ಕೂಗಿಗೆ. ಆ ಕೂಗಿನಲ್ಲಿ ಈ ಸಲ ನಮ್ಮ ಓಣಿಗಳ ದನಿಯೂ ಸೇರಲಿ. ಅಲ್ಲಿಯವರೆಗೆ ಕ್ರಯಪತ್ರ, ಮುದ್ರಾಂಕದ ರಶೀದಿ, ಗಾರೆ ಕೆಲಸದ ಬಿಲ್ಲು, ಬ್ಯಾಂಕಿನ ಚೀಟಿ ಇವುಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ. ಮನೆ ಮಾರುವ ಮಾತು ಬಂದಾಗ ದಲ್ಲಾಳಿಯ ಬಳಿಗೆ ಹೋಗುವ ಮುನ್ನ ಆ ಕಾಗದಗಳೊಡನೆ ಸಂಘದ ಕಚೇರಿಗೆ ಬನ್ನಿ. ಕೂತು ಎರಡೂ ಲೆಕ್ಕ ಮಾಡೋಣ.